ಮೊದಲು ಹತ್ತು ಕಿಲೋ, ಆಮೇಲೆ ಯಂತ್ರ



ಈ ಬಾರಿಯ ವಾರ್ಷಿಕ ಮಹಾಸಭೆಯ ಕಾರ್ಯಸೂಚಿ ತಮ್ಮ ಕೈ ಸೇರಿರುತ್ತದೆ. ಅದರ ಐದನೆಯ ವಿಷಯ, 'ಕಾಫಿ ಪುಡಿ ಘಟಕದ ಸ್ಥಾಪನೆಗೆ ಸಾಲ ಪಡೆಯುವ ಬಗ್ಗೆ'. ಕೆಲವು ಸದಸ್ಯರು ಈಗಾಗಲೇ ಕಚೇರಿಗೆ ಬಂದು, "ಯಂತ್ರ ಯಾವಾಗ ಬರುತ್ತದೆ?" ಎಂದು ವಿಚಾರಿಸಿ ಹೋಗಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಉತ್ಸಾಹ ಇನ್ನೂ ಹೆಚ್ಚಿದೆ. ದೇಶವಿದೇಶಗಳಿಂದ ಜನ ಬರುತ್ತಾರೆ, ನಮ್ಮ ತೋಟದ ಕಾಫಿಯನ್ನು ನಾವೇ ಹುರಿದು, ಪುಡಿ ಮಾಡಿ, ನಮ್ಮದೇ ಹೆಸರಿನಲ್ಲಿ ಏಕೆ ಮಾರಬಾರದು ಎಂಬುದು ಎಲ್ಲರ ಪ್ರಶ್ನೆ.

ಪ್ರಶ್ನೆ ಸರಿಯಾದದ್ದೇ. 1992ರಿಂದ 1996ರವರೆಗೆ ಹಂತಹಂತವಾಗಿ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಸಡಿಲವಾಗಿ, ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದ. ಅಲ್ಲಿಂದ ಇಲ್ಲಿಯವರೆಗೆ ನಮ್ಮಲ್ಲಿ ಬಹುಪಾಲು ಜನ ಆ ಸ್ವಾತಂತ್ರ್ಯವನ್ನು ಉಪಯೋಗಿಸಿದ್ದು ಕಣದಲ್ಲಿ ಒಣಗಿದ ಚೆರಿಯನ್ನು ಮೂಟೆ ಕಟ್ಟಿ, ಹತ್ತಿರದ ವ್ಯಾಪಾರಿಯ ಮನೆ ಬಾಗಿಲಿಗೆ ಹೊರುವುದಕ್ಕೆ ಮಾತ್ರ. ಔಟ್ ಟರ್ನ್ ಎಷ್ಟು, ತೇವಾಂಶ ಎಷ್ಟು ಎಂದು ಅವನು ಹೇಳಿದ್ದೇ ಲೆಕ್ಕ. ಇದರಿಂದ ಹೊರಬರಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೂ ಐದನೆಯ ವಿಷಯಕ್ಕೆ ಈಗಲೇ ಕೈ ಎತ್ತಬೇಡಿ ಎಂದು ಕೇಳಿಕೊಳ್ಳಲು ಈ ಲೇಖನ ಬರೆಯುತ್ತಿದ್ದೇನೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಒಂದು ಹಳೆಯ ತಪ್ಪು

ಎಂಟು ವರ್ಷಗಳ ಹಿಂದೆ ನಮ್ಮ ಸಂಘ ಇದೇ ಕೆಲಸಕ್ಕೆ ಕೈ ಹಾಕಿತ್ತು. ಹೊಸದಾಗಿ ಸೇರಿದ ಸದಸ್ಯರಿಗೆ ಅದು ತಿಳಿದಿರಲಾರದು, ಹಳಬರಿಗೆ ಮರೆಯಬೇಕೆನಿಸಿರಬಹುದು. ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದೆವು. ಹಳೆಯದೊಂದು ಹುರಿಯುವ ಯಂತ್ರವನ್ನು ಸಾಲದಲ್ಲಿ ಕೊಂಡೆವು. ಪೊಟ್ಟಣ ಮುದ್ರಿಸುವವರು, "ಸಾವಿರ ಮುದ್ರಿಸಿದರೆ ಒಂದಕ್ಕೆ ದರ ಜಾಸ್ತಿ, ಹತ್ತು ಸಾವಿರ ಮುದ್ರಿಸಿದರೆ ಅರ್ಧಕ್ಕೆ ಇಳಿಯುತ್ತದೆ" ಎಂದರು. ನಾವು ಹತ್ತು ಸಾವಿರವೇ ಮುದ್ರಿಸಿದೆವು. ಪೊಟ್ಟಣದ ಮೇಲೆ ಶಿಲಾಬಾಲಿಕೆಯ ಬಣ್ಣದ ಚಿತ್ರ, ಅದರ ಕೆಳಗೆ ಬೆಲೆ. ಉದ್ಘಾಟನೆಯ ದಿನ ಬಂದವರೆಲ್ಲ ಕಾಫಿ ಕುಡಿದು, "ಬಹಳ ಚೆನ್ನಾಗಿದೆ" ಎಂದರು. ನಲವತ್ತು ಅಂಗಡಿಗಳಿಗೆ ಪೊಟ್ಟಣಗಳನ್ನು ಹಂಚಿದೆವು.

ಎರಡು ತಿಂಗಳಾಗುವುದರೊಳಗೆ ಪೊಟ್ಟಣಗಳು ಒಂದೊಂದಾಗಿ ಹಿಂದಿರುಗಲು ತೊಡಗಿದವು. ಪರಿಮಳ ಹೋಗಿದೆ ಎಂಬುದೇ ಎಲ್ಲರ ದೂರು. ಅಷ್ಟರಲ್ಲಿ ಕಾಫಿಯ ಧಾರಣೆ ಏರಿ, ಮುದ್ರಿಸಿದ್ದ ಬೆಲೆಗೆ ಮಾರಿದರೆ ನಷ್ಟ ಎನ್ನುವ ಸ್ಥಿತಿ ಬಂತು. ಏಳು ಸಾವಿರಕ್ಕೂ ಹೆಚ್ಚು ಖಾಲಿ ಪೊಟ್ಟಣಗಳು ಇಂದಿಗೂ ನಮ್ಮ ಗೋದಾಮಿನ ಅಟ್ಟದ ಮೇಲಿವೆ. ಯಂತ್ರವನ್ನು ಅರ್ಧ ಬೆಲೆಗೆ ಮಾರಿದೆವು. ಆ ವರ್ಷ ಸದಸ್ಯರಿಗೆ ಡಿವಿಡೆಂಡ್ ಕೊಡಲಾಗಲಿಲ್ಲ. ಎರಡು ಎಕರೆಯ ಹಿರಿಯ ಸದಸ್ಯರೊಬ್ಬರು ಕೌಂಟರಿನ ಮುಂದೆ ನಿಂತು, "ಮೊಮ್ಮಗಳ ಶಾಲೆ ಫೀಸಿಗೆ ಆಗುತ್ತದೆ ಅಂದುಕೊಂಡಿದ್ದೆ, ಇರಲಿ ಬಿಡಿ" ಎಂದು ಹೇಳಿ ಹೋದರು. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ನಿರ್ಣಯದ ಕೆಳಗೆ ಕಾರ್ಯದರ್ಶಿಯಾಗಿ ನನ್ನ ಸಹಿಯೂ ಇತ್ತು.

ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದೆವು, ಅದೂ ಹತ್ತು ಸಾವಿರ.

ಜಾವಗಲ್ಲಿನಿಂದ ಹೊರಟ ಒಬ್ಬರು

ಇಂಥ ತಪ್ಪನ್ನು ತಪ್ಪಿಸಿಕೊಳ್ಳುವ ದಾರಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಹಳೇಬೀಡಿನಿಂದ ಸ್ವಲ್ಪವೇ ದೂರದಲ್ಲಿ, ಅರಸೀಕೆರೆ ತಾಲ್ಲೂಕಿನ ಜಾವಗಲ್ ಇದೆ. ಕ್ರಿಕೆಟ್ ಆಟಗಾರ ಶ್ರೀನಾಥರ ಹೆಸರಿನೊಂದಿಗೆ ಆ ಊರು ಎಲ್ಲರಿಗೂ ಪರಿಚಿತ. ಅದೇ ಜಾವಗಲ್ಲಿನ ಬಳಿ, 1970ರ ದಶಕದ ಕೊನೆಯಲ್ಲಿ, ಸೈನ್ಯ ಬಿಟ್ಟು ಬಂದ ಯುವಕರೊಬ್ಬರು ಬರಡು ಭೂಮಿಯಲ್ಲಿ ಗುಡಾರ ಹೊಡೆದು ಬೇಸಾಯಕ್ಕೆ ನಿಂತರು. ಅವರೇ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. 1951ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿ, ಗೊರೂರಿನಲ್ಲಿ ಬೆಳೆದವರು. ಹೇಮಾವತಿ ಅಣೆಕಟ್ಟಿನಿಂದ ಗೊರೂರಿನ ಅವರ ಕುಟುಂಬದ ಜಮೀನು ಮುಳುಗಿತು. ಅದಕ್ಕೆ ಬದಲಾಗಿ ಸಿಕ್ಕಿದ್ದು ಈ ಒಣಭೂಮಿ.

ಮುಂದೆ ಅವರು ವಿಮಾನ ಕಂಪನಿ ಕಟ್ಟಿದ್ದು ಎಲ್ಲರಿಗೂ ಗೊತ್ತು. ಅದರ ಮೇಲೆ ಸಿನಿಮಾ ಕೂಡ ಬಂದಿದೆ. ಆದರೆ ನಮ್ಮಂಥವರಿಗೆ ಬೇಕಾದ ಪಾಠ ಇರುವುದು ವಿಮಾನಕ್ಕಿಂತ ಮುಂಚಿನ ಇಪ್ಪತ್ತು ವರ್ಷಗಳಲ್ಲಿ. ಆ ಜಮೀನಿನಲ್ಲಿ ಅವರು ತೆಂಗು ಹಾಕಿದರು, ಹಸು ಕಟ್ಟಿದರು, ಕೋಳಿ ಸಾಕಿದರು, ರೇಷ್ಮೆಗೆ ಬಂದರು. ಕೆಲವು ಕೈಗೂಡಲಿಲ್ಲ, ಸಾಲ ಬೆಳೆಯಿತು. ಕೈಗೂಡದ್ದನ್ನು ಹಟ ಹಿಡಿದು ಮುಂದುವರಿಸದೆ, ಯಾವುದು ಆ ಮಣ್ಣಿಗೆ ಹೊಂದುತ್ತದೆ ಎಂದು ನೋಡುತ್ತಾ ಹೋದರು. ರಾಸಾಯನಿಕಗಳ ಖರ್ಚನ್ನು ಕಡಿಮೆ ಮಾಡಿ, ಪ್ರಕೃತಿಗೆ ಒಗ್ಗುವ ರೀತಿಯಲ್ಲಿ ರೇಷ್ಮೆ ಬೆಳೆಯುವ ಅವರ ವಿಧಾನಕ್ಕೆ 1996ರಲ್ಲಿ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿಯ ಮನ್ನಣೆ ಸಿಕ್ಕಿತು. ನಡುವೆ ಹಾಸನದಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ ಮಾರಾಟದ ಏಜೆನ್ಸಿ, ಒಂದು ತಿಂಡಿ ಹೋಟೆಲು, ನೀರಾವರಿ ಸಲಕರಣೆಗಳ ವ್ಯಾಪಾರ, ಕೃಷಿ ಸಲಹೆ, ಹೀಗೆ ಒಂದಾದ ಮೇಲೊಂದು ಸಣ್ಣ ಉದ್ಯೋಗಗಳನ್ನು ನಡೆಸಿದರು. ಪ್ರತಿಯೊಂದರಲ್ಲೂ ಗಿರಾಕಿಯ ಎದುರು ತಾವೇ ನಿಂತಿದ್ದರು ಎಂಬುದನ್ನು ಗಮನಿಸಬೇಕು.

1997ರಲ್ಲಿ ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಮೊದಲಾದವರ ಜೊತೆ ಸೇರಿ ಬೆಂಗಳೂರಿನಲ್ಲಿ ಹೆಲಿಕಾಪ್ಟರ್ ಸೇವೆ ಆರಂಭಿಸಿದಾಗಲೂ ಹತ್ತು ಹೆಲಿಕಾಪ್ಟರ್ ಕೊಳ್ಳಲಿಲ್ಲ, ಬಾಡಿಗೆಗೆ ತಂದು ಶುರು ಮಾಡಿದರು. 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಆರಂಭವಾದಾಗ ದೊಡ್ಡ ಜೆಟ್ ವಿಮಾನಗಳಿರಲಿಲ್ಲ, ಐವತ್ತಕ್ಕೂ ಕಡಿಮೆ ಆಸನಗಳ ಸಣ್ಣ ಎಟಿಆರ್ ವಿಮಾನಗಳಿದ್ದವು. ಹುಬ್ಬಳ್ಳಿಯಂಥ ಊರುಗಳಿಗೆ ಅವು ಹಾರಿದವು. ಪುಕ್ಕಟೆ ಊಟವಿಲ್ಲ, ಕಾಗದದ ಟಿಕೆಟ್ಟಿನ ಆಡಂಬರವಿಲ್ಲ. ಪ್ರಯಾಣಿಕನಿಗೆ ಬೇಕಾದ್ದು ಊರು ಸೇರುವುದು, ಉಳಿದದ್ದು ಬೇಕಾದರೆ ದುಡ್ಡು ಕೊಟ್ಟು ಪಡೆಯಲಿ ಎಂಬ ಲೆಕ್ಕ. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನ ಚಿತ್ರವೇ ಕಂಪನಿಯ ಗುರುತಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಕೆಲವೇ ವರ್ಷಗಳಲ್ಲಿ ಆ ಕಂಪನಿ 40ಕ್ಕೂ ಹೆಚ್ಚು ವಿಮಾನ, 60ಕ್ಕೂ ಹೆಚ್ಚು ಊರುಗಳಿಗೆ ಬೆಳೆಯಿತು. ಜೊತೆಗೆ ನಷ್ಟವೂ ಬೆಳೆಯಿತು. 2007ರಲ್ಲಿ ಅದರ ಪಾಲು ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಒಡೆಯರ ಕೈ ಸೇರಿತು, 2008ರಲ್ಲಿ ಎರಡೂ ಒಂದಾದವು, 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರೇ ಹಾರಾಟ ನಿಲ್ಲಿಸಿತು. ಗೋಪಿನಾಥರು 2009ರಲ್ಲಿ ಆರಂಭಿಸಿದ ಸರಕು ಸಾಗಾಣಿಕೆ ವಿಮಾನ ಸೇವೆಯೂ ಹೆಚ್ಚು ಕಾಲ ಉಳಿಯಲಿಲ್ಲ. ಸಾಮಾನ್ಯ ಮನುಷ್ಯ ವಿಮಾನ ಹತ್ತುವಂತೆ ಮಾಡಿದ ಕೀರ್ತಿ ಅವರಿಗೆ ಸಲ್ಲಲೇಬೇಕು. ಸಣ್ಣದಾಗಿ ಪ್ರಯೋಗ ಮಾಡಿ ಕಲಿಯುವುದು ಒಂದು ವಿದ್ಯೆ, ಬೆಳೆಯುವ ವೇಗವನ್ನು ಕೈಯಲ್ಲಿ ಹಿಡಿದಿಡುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಅವರ ಜಾವಗಲ್ಲಿನ ವರ್ಷಗಳು ಕಲಿಸುತ್ತವೆ, ಎರಡನೆಯದನ್ನು ನಂತರದ ವರ್ಷಗಳು.

'ಲೀನ್' ಎಂದರೇನು?

ಇತ್ತೀಚೆಗೆ ಬೆಂಗಳೂರಿನಲ್ಲಿ ಓದಿದ ನಮ್ಮ ಮಕ್ಕಳು 'ಸ್ಟಾರ್ಟಪ್', 'ಲೀನ್' ಎಂಬ ಮಾತುಗಳನ್ನು ಆಡುತ್ತಾರೆ. ಕೇಳಿ ಗಾಬರಿಯಾಗಬೇಕಿಲ್ಲ. ಲೀನ್ ಎಂದರೆ ಸಣಕಲು ಎಂದಲ್ಲ, ಕೊಬ್ಬಿಲ್ಲದ ಗಟ್ಟಿ ಮೈ ಎಂದರ್ಥ. ನಾವು ಕಾಫಿ ಗಿಡಕ್ಕೆ ಮಾಡುವುದೂ ಅದನ್ನೇ. ಕಂಬಚಿಗುರು ತೆಗೆಯುತ್ತೇವೆ, ಒಣ ರೆಕ್ಕೆ ಕತ್ತರಿಸುತ್ತೇವೆ, ಮರಗಸಿ ಮಾಡಿ ಬೆಳಕು ಬಿಡುತ್ತೇವೆ. ಹಣ್ಣು ಕೊಡದ ಕೊಂಬೆಗೆ ಗಿಡದ ಸತ್ವ ಹೋಗಬಾರದು.

ಈ ವಿಚಾರದ ಮೂಲ ಜಪಾನಿನ ಟೊಯೋಟಾ ಕಾರ್ಖಾನೆ. ಎರಡನೆಯ ಮಹಾಯುದ್ಧದ ನಂತರ ಅವರ ಬಳಿ ಹಣವೂ ಇರಲಿಲ್ಲ, ದಾಸ್ತಾನಿಡುವ ಅನುಕೂಲವೂ ಇರಲಿಲ್ಲ. ತಾಯಿಚಿ ಓನೋ ಎಂಬ ಎಂಜಿನಿಯರರು, ಬೇಕಾದ ವಸ್ತು, ಬೇಕಾದಾಗ, ಬೇಕಾದಷ್ಟೇ ತಯಾರಾಗಲಿ ಎಂಬ ಕ್ರಮ ತಂದರು. ಅವರ ಪ್ರಕಾರ ಬೇಡಿಕೆಗಿಂತ ಹೆಚ್ಚು ತಯಾರಿಸುವುದೇ ದೊಡ್ಡ ದುಂದು, ಏಕೆಂದರೆ ಉಳಿದ ದುಂದುಗಳೆಲ್ಲ ಅದರ ಹಿಂದೆಯೇ ಬರುತ್ತವೆ. ಅದೇ ಕಂಪನಿಯ ಕಾರ್ಖಾನೆ 1999ರಿಂದ ನಮ್ಮ ಬಿಡದಿಯಲ್ಲೂ ಕಾರು ತಯಾರಿಸುತ್ತಿದೆ.

ಈ ಕ್ರಮವನ್ನು ಹೊಸ ಉದ್ಯಮಗಳಿಗೆ ಹೊಂದಿಸಿ 2011ರಲ್ಲಿ ಪುಸ್ತಕ ಬರೆದವರು ಅಮೆರಿಕದ ಎರಿಕ್ ರೀಸ್. ಅವರೂ ಪೆಟ್ಟು ತಿಂದೇ ಕಲಿತವರು. ತಿಂಗಳುಗಟ್ಟಲೆ ಕಂಪ್ಯೂಟರಿನ ಮುಂದೆ ಕುಳಿತು ತಯಾರಿಸಿದ ಸಾಧನವನ್ನು ಜನ ಮುಟ್ಟಿಯೂ ನೋಡಲಿಲ್ಲವಂತೆ. ಜನರಿಗೆ ಬೇಡದ್ದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದರೇನು ಎಂಬುದು ಅವರಿಗೆ ಆಗ ಹೊಳೆಯಿತು. ಅವರು ಹೇಳುವುದು ಮೂರೇ ಮಾತು: ಸಣ್ಣದಾಗಿ ಮಾಡಿ, ಅಳೆಯಿರಿ, ಕಲಿಯಿರಿ. ಕಲಿತದ್ದು ಮೊದಲಿನ ನಂಬಿಕೆಗೆ ವಿರುದ್ಧವಾಗಿದ್ದರೆ ನಾಚಿಕೆಯಿಲ್ಲದೆ ದಾರಿ ಬದಲಿಸಿ.

ಟೊಯೋಟಾದವರ ಇನ್ನೊಂದು ಪದ್ಧತಿ, ತೊಂದರೆ ಬಂದಾಗ ಐದು ಬಾರಿ 'ಏಕೆ' ಎಂದು ಕೇಳುವುದು. ನಮ್ಮ ಹಳೆಯ ಸೋಲಿಗೆ ಅದನ್ನು ಹಚ್ಚಿ ನೋಡಿದೆ. ಪೊಟ್ಟಣ ಏಕೆ ಹಿಂದಿರುಗಿತು? ಪರಿಮಳ ಹೋಗಿತ್ತು. ಏಕೆ ಹೋಯಿತು? ಪುಡಿ ಎರಡು ತಿಂಗಳು ಅಂಗಡಿಯಲ್ಲೇ ಕೂತಿತ್ತು. ಏಕೆ ಕೂತಿತ್ತು? ಅಂಗಡಿಯವರು ಮಾರಬಲ್ಲದ್ದಕ್ಕಿಂತ ಹೆಚ್ಚು ಕೊಟ್ಟಿದ್ದೆವು. ಏಕೆ ಕೊಟ್ಟೆವು? ಒಂದೇ ಸಲ ರಾಶಿ ಪುಡಿ ಮಾಡಿಬಿಟ್ಟಿದ್ದೆವು. ಏಕೆ ಮಾಡಿದೆವು? ಸಾಲದ ಯಂತ್ರ ಸುಮ್ಮನೆ ನಿಂತರೆ ಬಡ್ಡಿ ನಷ್ಟ ಎಂದು ಓಡಿಸಿದ್ದೆವು. ನೋಡಿ, ಅಂಗಡಿಯವನ ತಪ್ಪೆಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಕೊನೆಗೆ ನಮ್ಮ ಯಂತ್ರದ ಬುಡಕ್ಕೇ ಬಂತು.

ಹತ್ತು ವಾರದ ಪ್ರಯೋಗ

ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಈ ವರ್ಷ ಮಳೆ ಕಡಿಮೆಯಾದ ಮೇಲೆ ಹೊಸದಾಗಿ ಒಂದು ಪ್ರಯೋಗ ಮಾಡಿದೆವು. ಯಂತ್ರ ಕೊಳ್ಳಲಿಲ್ಲ. ನಮ್ಮದೇ ಸದಸ್ಯರ ಬೀಜವನ್ನು ಹುರಿದು ಪುಡಿ ಮಾಡುವವರಲ್ಲಿ ಕೂಲಿ ಕೊಟ್ಟು ಮಾಡಿಸಿದೆವು. ನೂರು ಕಿಲೋ ಹಸಿ ಬೀಜ ಹುರಿದರೆ ಕೈಗೆ ಸಿಗುವುದು 80ರಿಂದ 85 ಕಿಲೋ. ಉಳಿದದ್ದು ಆವಿಯಾಗಿ, ಹೊಟ್ಟಾಗಿ ಹೋಗುತ್ತದೆ. ಈ ಇಳುವರಿ, ಕೂಲಿ, ಸಾಗಾಣಿಕೆ, ಅಂಗಡಿಯವರ ಕಮಿಷನ್ ಎಲ್ಲ ಸೇರಿಸಿಯೇ ಕಿಲೋ ಒಂದಕ್ಕೆ ಬೆಲೆ ಹಾಕಿದೆವು. ಚಿತ್ರದ ಪೊಟ್ಟಣ ಬೇಡವೆಂದು ಸಾದಾ ಚೀಲಕ್ಕೆ ಚೀಟಿ ಅಂಟಿಸಿದೆವು. ಆಹಾರ ಸುರಕ್ಷತೆಯ ನೋಂದಣಿ, ತೂಕ, ಹುರಿದ ದಿನಾಂಕ, ಬೆಲೆ, ಕಾನೂನು ಕೇಳುವುದೆಲ್ಲ ಆ ಚೀಟಿಯಲ್ಲಿತ್ತು. ಮೊದಲ ವಾರ ತಯಾರಿಸಿದ್ದು ಹತ್ತೇ ಕಿಲೋ. ಕೊಟ್ಟದ್ದು ಐದೇ ಅಂಗಡಿಗೆ: ಅರಸೀಕೆರೆಯಲ್ಲಿ ಎರಡು, ಬೇಲೂರಿನಲ್ಲಿ ಎರಡು, ಹಳೇಬೀಡಿನಲ್ಲಿ ಒಂದು.

ಮುಖ್ಯವಾದದ್ದು ನೋಟ್‌ಬುಕ್. ಯಾರು ಹೊಗಳಿದರು ಎಂದು ಬರೆಯಲಿಲ್ಲ. ಹೊಗಳಿಕೆಗೆ ಬೆಲೆ ಇಲ್ಲವೆಂದು ಎಂಟು ವರ್ಷದ ಹಿಂದೆಯೇ ಕಲಿತಿದ್ದೆವು. ಬರೆದದ್ದು ಒಂದೇ: ಒಮ್ಮೆ ಕೊಂಡವರು ಎರಡನೆಯ ಬಾರಿ ಬಂದರೇ?

ಈ ನೋಟ್‌ಬುಕ್ ನಮ್ಮ ಎಣಿಕೆಗಳನ್ನು ತಲೆಕೆಳಗು ಮಾಡಿತು. ಮೊದಲನೆಯದಾಗಿ, ನಾವು ಅಭಿಮಾನದಿಂದ ಚಿಕೋರಿ ಬೆರೆಸದ ಶುದ್ಧ ಕಾಫಿಯನ್ನೇ ಕೊಟ್ಟೆವು. ಅರಸೀಕೆರೆಯ ಗಿರಾಕಿಗಳು ಒಂದು ಸಲ ಕೊಂಡು, "ಡಿಕಾಕ್ಷನ್ ಗಟ್ಟಿ ಬರುವುದಿಲ್ಲ" ಎಂದು ಬಿಟ್ಟುಬಿಟ್ಟರು. ನಾಲ್ಕನೆಯ ವಾರ ಚಿಕೋರಿ ಬೆರೆಸಿದ್ದನ್ನು, ಬೆರೆಸಿದ ಪ್ರಮಾಣವನ್ನು ಚೀಟಿಯಲ್ಲಿ ನಮೂದಿಸಿ ಕೊಟ್ಟೆವು. ಕಾನೂನಿನ ಪ್ರಕಾರ ಚಿಕೋರಿ ಶೇಕಡಾ 49 ಮೀರಬಾರದು, ನಾವು ಹಾಕಿದ್ದು ಶೇಕಡಾ 20. ಹಿಂದೆ ಬಿಟ್ಟವರು ಮರಳಿ ಬಂದರು. ನಮ್ಮ ಅಭಿಮಾನ ನಮ್ಮ ಮನೆಯ ಲೋಟದಲ್ಲಿರಲಿ, ಗಿರಾಕಿಯ ಲೋಟದಲ್ಲಿ ಅವನ ರುಚಿ ಇರಲಿ.

ಎರಡನೆಯದಾಗಿ, ಹಳೇಬೀಡಿನ ಪ್ರವಾಸಿಗರು. ಅವರು ಅರ್ಧ ಕಿಲೋ ಚೀಲವನ್ನು ಕೈಯಲ್ಲಿ ಹಿಡಿದು ನೋಡಿ ಇಟ್ಟುಬಿಡುತ್ತಿದ್ದರು. ನೂರು ಗ್ರಾಮಿನ ಚೀಲ ಇಟ್ಟೊಡನೆ ಕೊಂಡರು, ಅದೂ ಶುದ್ಧ ಕಾಫಿಯನ್ನೇ. ಆದರೆ ಅವರು ಮತ್ತೆ ಬರುವವರಲ್ಲ. ಶಾಲೆಗೆ ರಜೆ ಇದ್ದ ವಾರ ಕೊರತೆ, ಇಲ್ಲದ ವಾರ ಉಳಿಕೆ. ವಿಶ್ವ ಪರಂಪರೆಯ ಪಟ್ಟಿಯನ್ನು ನಂಬಿ ಸಾಲ ಮಾಡಬೇಕೆನ್ನುವವರು ಈ ಪುಟವನ್ನು ದಯವಿಟ್ಟು ಒಮ್ಮೆ ನೋಡಬೇಕು.

ಮೂರನೆಯದು ನಾವು ಎಣಿಸಿಯೇ ಇರಲಿಲ್ಲ. ಅಂಗಡಿಯಲ್ಲಿ ಚೀಲ ನೋಡಿದ ಇಬ್ಬರು ಹೋಟೆಲಿನವರು ತಾವಾಗಿಯೇ ಬಂದು, ವಾರಕ್ಕೆ ಐದೈದು ಕಿಲೋ ಕೇಳಿದರು. ಅವರಿಗೆ ಚಿತ್ರವೂ ಬೇಡ, ಹೆಸರೂ ಬೇಡ. ಪ್ರತಿ ವಾರ ಒಂದೇ ಹದ ಇರಬೇಕು, ತಪ್ಪದೆ ತಲುಪಬೇಕು, ಅಷ್ಟೇ. ಒಂದು ವಾರ ಹುರಿದದ್ದು ಸ್ವಲ್ಪ ಕಪ್ಪಾಗಿತ್ತು. ಒಬ್ಬರು ಅದೇ ದಿನ ಚೀಲ ಹಿಂದೆ ಕಳಿಸಿದರು. ಬೇಸರವಾಯಿತು, ಆದರೆ ಎರಡು ತಿಂಗಳು ಕಾಯದೆ ಒಂದೇ ದಿನದಲ್ಲಿ ತಪ್ಪು ತಿಳಿಯಿತು. ಐದು ಕಿಲೋದ ನಷ್ಟದಲ್ಲಿ ಪಾಠ ಮುಗಿಯಿತು.

ಹತ್ತನೆಯ ವಾರ ಮಾರಾಟವಾದದ್ದು 22 ಕಿಲೋ.

ಈಗ ಯಂತ್ರದ ಲೆಕ್ಕ

ಕಾರ್ಯಸೂಚಿಯಲ್ಲಿರುವ ಯಂತ್ರ ಒಂದು ಸಲಕ್ಕೆ 15 ಕಿಲೋ ಹುರಿಯುತ್ತದೆ. ಬೆಳಗಿನ ಹೊತ್ತಿನಲ್ಲಿ ನಾಲ್ಕು ಸಲ ಹುರಿದರೆ 60 ಕಿಲೋ. ನಮ್ಮ ಈಗಿನ ವಾರದ ಮಾರಾಟಕ್ಕೆ ಎರಡು ಸಲ ಹುರಿದರೆ ಸಾಕು. ಉಳಿದ ಆರೂವರೆ ದಿನ ಯಂತ್ರ ನಿಂತಿರುತ್ತದೆ, ಆದರೆ ಬಡ್ಡಿಗೆ ಭಾನುವಾರದ ರಜೆಯೂ ಇಲ್ಲ. ಆಗ ಮತ್ತೆ ಯಾರಾದರೂ, "ಸುಮ್ಮನೆ ಏಕೆ ನಿಲ್ಲಬೇಕು, ಓಡಿಸೋಣ" ಎನ್ನುತ್ತಾರೆ. ಅಟ್ಟದ ಮೇಲೆ ಜಾಗ ಉಳಿದಿಲ್ಲ ಸ್ವಾಮಿ.

ಹಾಗಾದರೆ ಎಂದೂ ಬೆಳೆಯಲೇಬಾರದೇ ಎಂದು ಕೇಳಬಹುದು. ಖಂಡಿತ ಬೆಳೆಯಬೇಕು. ಅಡಿಕೆ ಬೆಳೆಗಾರರಿಗೆ ಕ್ಯಾಂಪ್ಕೋ ಉದಾಹರಣೆ ಕಣ್ಣೆದುರಿಗಿದೆ. ಅಡಿಕೆ ಧಾರಣೆಯ ಕುಸಿತದಿಂದ ಕಂಗೆಟ್ಟ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಅದನ್ನು ಕಟ್ಟಿದರು. ಮೊದಲ ಕೆಲಸ ಅಡಿಕೆ ಖರೀದಿ ಮತ್ತು ಮಾರಾಟ. 1980ರ ಸುಮಾರಿಗೆ ಕೋಕೋ ಕೊಳ್ಳುವವರು ಹಿಂದೆ ಸರಿದಾಗ ಸಂಘ ಕೋಕೋ ಖರೀದಿಗೂ ಇಳಿಯಿತು. ಬೀಜವನ್ನು ಸಂಸ್ಕರಿಸಿ ಮಾರುವುದನ್ನು ಕಲಿತ ನಂತರವೇ, 1986ರಲ್ಲಿ, ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಬಂತು. ಸಂಘ ಹುಟ್ಟಿ ಹದಿಮೂರು ವರ್ಷವಾಗಿತ್ತು. ಆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಮೊದಲು ಸರಕಿನ ದಾರಿ, ಆಮೇಲೆ ಕಾರ್ಖಾನೆ ಎಂಬ ಕ್ರಮವನ್ನು ಇಲ್ಲಿ ಸ್ಮರಿಸಬಹುದು.

ಸಭೆಗೆ ನನ್ನ ವಿನಂತಿ

ಆದ್ದರಿಂದ ಐದನೆಯ ವಿಷಯಕ್ಕೆ ತಿದ್ದುಪಡಿಯಾಗಿ ಮೂರು ಸಲಹೆಗಳನ್ನು ಮಂಡಿಸಲಿದ್ದೇನೆ.

ಒಂದು, ವಾರದ ಮಾರಾಟ 60 ಕಿಲೋ ಮುಟ್ಟಿ, ಮೂರು ತಿಂಗಳು ಅಲ್ಲಿಂದ ಇಳಿಯದೆ ನಿಂತ ಮೇಲೆಯೇ ಯಂತ್ರದ ಮಾತು. ಅಲ್ಲಿಯವರೆಗೆ ಕೂಲಿ ಕೊಟ್ಟು ಹುರಿಸುವುದು.

ಎರಡು, ಹೊಸ ಅಂಗಡಿಗಳಿಗಿಂತ ಮೊದಲು ಹೋಟೆಲುಗಳನ್ನು ಹಿಡಿಯುವುದು. ಆದರೆ ಸಾಲದ ಗಡುವು ಎರಡು ವಾರ ಮೀರಬಾರದು. ಪುಡಿ ಬೇಗ ಖಾಲಿಯಾಗಿ ಹಣ ನಿಧಾನವಾಗಿ ಬಂದರೆ ಅದೂ ಒಂದು ಬಗೆಯ ದಾಸ್ತಾನೇ.

ಮೂರು, ಮುಂದಿನ ಯುಗಾದಿಯ ಹೊತ್ತಿಗೂ ಮಾರಾಟ 22 ಕಿಲೋದಲ್ಲೇ ನಿಂತಿದ್ದರೆ, ಈ ಕೆಲಸ ನಮ್ಮದಲ್ಲವೆಂದು ಒಪ್ಪಿಕೊಂಡು ನಿಲ್ಲಿಸುವುದು. ಹಿಡಿದದ್ದನ್ನು ಬಿಡುವ ದಿನವನ್ನು ಹಿಡಿಯುವ ಮೊದಲೇ ಗೊತ್ತು ಮಾಡಿಕೊಂಡರೆ ಮನಸ್ಸಿಗೂ ಕಷ್ಟವಾಗುವುದಿಲ್ಲ, ಡಿವಿಡೆಂಡಿಗೂ ಕಷ್ಟವಾಗುವುದಿಲ್ಲ.

ಇದು ಪುಡಿಗೆ ಮಾತ್ರ ಹೇಳಿದ ಮಾತಲ್ಲ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಹೋಂಸ್ಟೇ ಮಾಡುತ್ತೇನೆಂದರೆ, ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕ ಹಾಕುತ್ತೇನೆಂದರೆ, ಬೇಡವೆನ್ನಬೇಡಿ. ಮನೆಯಲ್ಲಿರುವ ಒಂದು ಕೋಣೆಯನ್ನೇ ಶುಚಿ ಮಾಡಿ ನಾಲ್ಕು ವಾರ ನಡೆಸಲಿ, ಬಂದವರು ತಮ್ಮ ಸ್ನೇಹಿತರನ್ನು ಕಳಿಸುತ್ತಾರೆಯೇ ನೋಡಲಿ. ಬೇರೆಯವರ ಘಟಕದಲ್ಲಿ ಸಾವಿರ ತಟ್ಟೆ ಮಾಡಿಸಿ ಮದುವೆ ಛತ್ರಗಳಿಗೆ ಕೊಟ್ಟು ನೋಡಲಿ. ತೋಟವನ್ನು ಬ್ಯಾಂಕಿಗೆ ಬರೆದುಕೊಡುವ ಮಾತು ಅದಾದ ಮೇಲೆ.

ಆ ಹಿರಿಯ ಸದಸ್ಯರು ಈಗಲೂ ಪ್ರತಿ ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಈ ಪ್ರಯೋಗದ ಮೊದಲ ಹತ್ತು ಕಿಲೋಗೆ ಬೀಜ ಕೊಟ್ಟವರೂ ಅವರೇ. "ಈ ಸಲ ಎಷ್ಟು ಪೊಟ್ಟಣ ಮುದ್ರಿಸಿದಿರಿ?" ಎಂದು ಕೇಳಿದರು. ಒಂದೂ ಇಲ್ಲವೆಂದೆ. ನಕ್ಕು, ಬೀಜದ ಚೀಲ ಇಳಿಸಿ ಹೋದರು.

ನೋಟ್‌ಬುಕ್ ಕಚೇರಿಯ ಮೇಜಿನ ಮೇಲಿದೆ. ಸಭೆಯ ಮುಂಚೆ ಯಾವ ಸದಸ್ಯರು ಬೇಕಾದರೂ ಬಂದು ನೋಡಬಹುದು, ತಪ್ಪು ಕಂಡರೆ ತಿದ್ದಬಹುದು.

— ಕಾರ್ಯದರ್ಶಿ